ಮಿನಂಗ್‌ಕಬಾವ್ ಬಾವುಟದಿಂದ ಕಪ್ಪು ಬಣ್ಣವನ್ನು ಕೈಬಿಡಬಹುದೇ?

ಪ್ರಶ್ನೆ: "ನಾನು ಮೈಸೂರಿನ ಕಾಲೇಜೊಂದರಲ್ಲಿ ಅಧ್ಯಾಪಕಿ. ನಮ್ಮಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳ ಸಾಂಸ್ಕೃತಿಕ ದಿನದ ಹೊಣೆ ಈ ವರ್ಷ ನನ್ನ ಮೇಲಿದೆ. ಇಂಡೊನೇಷ್ಯಾದ ಪಶ್ಚಿಮ ಸುಮಾತ್ರದಿಂದ ಬಂದಿರುವ ಮಿನಂಗ್‌ಕಬಾವ್ ವಿದ್ಯಾರ್ಥಿಗಳು ತಟ್ಟೆ ಹಿಡಿದು ಕುಣಿಯುವ ತಮ್ಮ ನೃತ್ಯವನ್ನು ಪ್ರದರ್ಶಿಸಲಿದ್ದಾರೆ. ಹೆಬ್ಬಾಗಿಲಲ್ಲೂ ವೇದಿಕೆಯ ಎರಡೂ ಬದಿಯಲ್ಲೂ 'ಮರಾವ' ಎಂಬ ತಮ್ಮ ಉದ್ದನೆಯ ಬಾವುಟ ನಿಲ್ಲಬೇಕು ಎಂಬುದು ಅವರ ಆಸೆ. ಟೈಲರ್ ಕಪ್ಪು, ಕೆಂಪು, ಹಳದಿ ಪಟ್ಟಿಗಳ ಒಂದು ಮಾದರಿಯನ್ನು ಹೊಲಿದು ಕೊಟ್ಟಿದ್ದೇ ತಡ, ಆಕ್ಷೇಪಗಳು ಶುರುವಾದವು. ಇದು ಜರ್ಮನಿಯ ಬಾವುಟವಲ್ಲವೇ ಎಂದು ಕಚೇರಿಯವರು ಕೇಳುತ್ತಿದ್ದಾರೆ. ಶುಭ ಕಾರ್ಯದ ಬಾಗಿಲಿಗೆ ಕಪ್ಪು ಬಟ್ಟೆ ಬೇಡ, ಅದನ್ನು ತೆಗೆದುಬಿಡಿ, ಇಲ್ಲವೇ ಅದರ ಬದಲು ಹಸಿರು ಹಾಕಿದರೆ ಮುಸ್ಲಿಮರಾದ ಆ ವಿದ್ಯಾರ್ಥಿಗಳಿಗೂ ಸಂತೋಷವಾದೀತು ಎನ್ನುವುದು ಹಿರಿಯ ಸಹೋದ್ಯೋಗಿಯೊಬ್ಬರ ಸಲಹೆ. ಅಂತರ್ಜಾಲದಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಅರ್ಥ ಬರೆದಿದ್ದಾರೆ; ವಿವರಣೆಯ ಫಲಕದಲ್ಲಿ ಯಾವುದನ್ನು ಬರೆಸಲಿ? ಕಂಬದ ಕಡೆಗೆ ಯಾವ ಬಣ್ಣ ಬರಬೇಕು ಎಂಬುದರಲ್ಲಿ ಆ ವಿದ್ಯಾರ್ಥಿಗಳೇ ಒಂದೇ ಮಾತು ಹೇಳುತ್ತಿಲ್ಲ. ಜೊತೆಗೆ, ಇದು ಯಾವುದಾದರೂ ಪ್ರತ್ಯೇಕತಾವಾದಿಗಳ ಬಾವುಟವಾಗಿದ್ದರೆ ಕಾಲೇಜಿಗೆ ತೊಂದರೆಯಾದೀತೇ ಎಂಬ ಭಯವೂ ಇದೆ. ಅಂದು ನಮ್ಮ ರಾಷ್ಟ್ರಧ್ವಜವನ್ನೂ ಹಾರಿಸುತ್ತೇವೆ."

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಹಿಂದಿರುವ ಕಳವಳ ಒಂದೇ. ಅತಿಥಿಗಳು ಗೌರವದಿಂದ ಕಾಣುವ ಗುರುತೊಂದನ್ನು ನಮ್ಮ ಅಂಗಳದಲ್ಲಿ ನಿಲ್ಲಿಸುವಾಗ ಅವರ ಮನಸ್ಸಿಗೂ ನೋವಾಗಬಾರದು, ನಮ್ಮ ಕಡೆಯ ಹಿರಿಯರಿಗೂ ಮುಜುಗರವಾಗಬಾರದು. ಆಗ್ನೇಯ ಏಷ್ಯಾದ ವಿಧಿವಸ್ತ್ರಗಳ ಅಧ್ಯಯನ ಮತ್ತು ಪ್ರದರ್ಶನಗಳಿಗಾಗಿ ಅವುಗಳ ವಿವರಣೆ ಬರೆಯುವುದು ನನ್ನ ವೃತ್ತಿ. ಇಂಥದೇ ಕಳವಳವನ್ನು ಬೇರೆ ಸಂಘಟಕರಲ್ಲಿಯೂ ಕಂಡಿದ್ದೇನೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕಪ್ಪನ್ನು ತೆಗೆಯಬೇಡಿ, ಬದಲಿಸಲೂ ಬೇಡಿ. ಮರಾವದ ಬಣ್ಣಗಳು ಮೊದಲಿಗೆ ಮೂರು ನಾಡುಗಳ ಗುರುತು. ಗುಣಗಳ ಗುರುತು ಆಮೇಲಿನದು. ಒಂದು ಪಟ್ಟಿಯನ್ನು ಕಿತ್ತರೆ ಒಂದು ಸೀಮೆಯ ಜನರನ್ನೇ ಬಾವುಟದಿಂದ ಹೊರಗಿಟ್ಟಂತಾಗುತ್ತದೆ, ಮತ್ತು ನಿಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರ ಊರು ಆ ಸೀಮೆಯಲ್ಲೇ ಇರಬಹುದು.

ಆ ಮೂರು ನಾಡುಗಳು ಯಾವುವು ಎಂಬುದನ್ನು ವಿವರಿಸಿದರೆ ಉಳಿದ ಗೊಂದಲಗಳು ಅರ್ಧಕ್ಕರ್ಧ ತಾವೇ ಬಗೆಹರಿಯುತ್ತವೆ. ಸುಮಾತ್ರ ದ್ವೀಪದ ಪಶ್ಚಿಮ ಭಾಗದಲ್ಲಿ, ಮರಾಪಿ, ಸಿಂಗಲಾಂಗ್, ಸಾಗೊ ಎಂಬ ಬೆಟ್ಟಗಳ ಸುತ್ತಲಿನ ಎತ್ತರದ ಪ್ರದೇಶವೇ ಮಿನಂಗ್‌ಕಬಾವ್ ಜನರ ಮೂಲ ನೆಲೆ. ಇದನ್ನು ಅವರು 'ಲುಹಾಕ್' ಎಂದು ಕರೆಯುವ ಮೂರು ಸೀಮೆಗಳಾಗಿ ಎಣಿಸುತ್ತಾರೆ. ಇಂದಿನ ಬಾತುಸಂಕಾರ್ ಪಟ್ಟಣದ ಸುತ್ತಲಿನದು ತಾನಾ ದಾತಾರ್, ಬುಕಿತ್ತಿಂಗಿಯ ಸುತ್ತಲಿನದು ಆಗಾಮ್, ಪಾಯಾಕುಂಬುವಿನ ಸುತ್ತಲಿನದು ಲಿಮೊ ಪುಲುವಾ ಕೊತೊ. ಹಳದಿ ತಾನಾ ದಾತಾರಿನದು, ಕೆಂಪು ಆಗಾಮಿನದು, ಕಪ್ಪು ಲಿಮೊ ಪುಲುವಾ ಕೊತೊದ್ದು. ಕರಾವಳಿಯ ಪಾದಾಂಗ್, ಪರಿಯಾಮಾನ್ ಮುಂತಾದ ಊರುಗಳನ್ನು ಲುಹಾಕ್‌ಗಳಲ್ಲಿ ಸೇರಿಸುವುದಿಲ್ಲ. ಅವು ವಲಸೆಯ ಸೀಮೆಗಳು. ಅಲ್ಲಿನವರು ತಮ್ಮ ಬೇರು ಈ ಮೂರರಲ್ಲಿ ಯಾವುದೋ ಒಂದರಲ್ಲಿದೆ ಎಂದು ಹೇಳಿಕೊಳ್ಳುವುದರಿಂದ ಅಲ್ಲೂ ಇದೇ ಬಾವುಟ ಏರುತ್ತದೆ. ದುಡಿಮೆಗಾಗಿ, ವ್ಯಾಪಾರಕ್ಕಾಗಿ ಊರು ಬಿಟ್ಟು ಹೋಗುವುದು ಈ ಜನರ ಬದುಕಿನ ಒಂದು ಕ್ರಮವೇ ಆಗಿರುವುದರಿಂದ ಜಕಾರ್ತಾದಲ್ಲಾಗಲಿ ಕ್ವಾಲಾಲಂಪುರದಲ್ಲಾಗಲಿ ಅವರು ಸೇರಿದ ಕಡೆ ಮರಾವ ಕಾಣಿಸುತ್ತದೆ. ಮೈಸೂರಿನಲ್ಲಿ ನಿಮ್ಮ ವಿದ್ಯಾರ್ಥಿಗಳು ಅದನ್ನು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಊರಿನಲ್ಲಿ ಅದು ಏರುವ ಸಂದರ್ಭಗಳನ್ನು ಗಮನಿಸಿ. ಮದುವೆಯಲ್ಲಿ, ಹಬ್ಬದಲ್ಲಿ, ಗಣ್ಯರ ಸ್ವಾಗತದಲ್ಲಿ, ತಾನಾ ದಾತಾರಿನ ಕೆಸರುಗದ್ದೆಗಳಲ್ಲಿ ನಡೆಯುವ ಎತ್ತಿನ ಓಟದ ಬಯಲಿನಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಕುಲದ ಹಿರಿಯನಿಗೆ ಪಟ್ಟ ಕಟ್ಟುವ ದಿನ, ಬಾಗಿದ ಚಾವಣಿಯ ದೊಡ್ಡ ಮನೆಯ ಮುಂದೆ ಬಿದಿರಿನ ಗಳುಗಳಿಗೆ ಕಟ್ಟಿ ಇದನ್ನು ಸಾಲಾಗಿ ನಿಲ್ಲಿಸುತ್ತಾರೆ. ಸಂಭ್ರಮವಿದೆ, ಬನ್ನಿ ಎಂದು ದಾರಿಹೋಕರಿಗೂ ತಿಳಿಸುವ ಗುರುತು ಅದು. ಆದ್ದರಿಂದ ಹೆಬ್ಬಾಗಿಲಲ್ಲೇ ಬೇಕೆಂದು ವಿದ್ಯಾರ್ಥಿಗಳು ಪಟ್ಟು ಹಿಡಿದದ್ದು ಸರಿಯಾಗಿಯೇ ಇದೆ.

ಇನ್ನು ಜರ್ಮನಿಯ ವಿಷಯ. ಬಣ್ಣಗಳು ಅವೇ ಎಂಬುದು ನಿಜ. ಅಲ್ಲಿಂದ ಇಲ್ಲಿಗೆ ಬಂದವು ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಜರ್ಮನಿಯ ಬಾವುಟದಲ್ಲಿ ಪಟ್ಟಿಗಳು ಅಡ್ಡಲಾಗಿವೆ, ಮರಾವದಲ್ಲಿ ಕಂಬಕ್ಕೆ ಸಮಾನಾಂತರವಾಗಿ ಉದ್ದಕ್ಕೆ ಇಳಿಯುತ್ತವೆ. ಬೆಲ್ಜಿಯಮ್ಮಿನ ಬಾವುಟದಲ್ಲಿ ಪಟ್ಟಿಗಳು ಲಂಬವಾಗಿವೆಯಾದರೂ ನಡುವಿನದು ಹಳದಿ. ಮರಾವದಲ್ಲಿ ನಡುವಿನದು ಕೆಂಪು. ಜರ್ಮನ್ ಕ್ರೈಸ್ತ ಮಿಷನರಿಗಳು ಸುಮಾತ್ರಕ್ಕೆ ಬಂದಿದ್ದರಲ್ಲ, ಅವರಿಂದ ಬಂದಿರಬಹುದು ಎಂಬ ಊಹೆಯೂ ಆಗಾಗ ಕೇಳಿಬರುತ್ತದೆ. ಆ ಮಿಷನರಿಗಳು 19ನೇ ಶತಮಾನದ ಉತ್ತರಾರ್ಧದಲ್ಲಿ ಕೆಲಸ ಮಾಡಿದ್ದು ಮಿನಂಗ್‌ಕಬಾವ್ ಸೀಮೆಯ ಉತ್ತರಕ್ಕಿರುವ ಬಾತಾಕ್ ಜನರ ನಡುವೆ. ಮೇಲಾಗಿ 1871ರಿಂದ 1918ರವರೆಗೆ ಜರ್ಮನ್ ಸಾಮ್ರಾಜ್ಯದ ಬಾವುಟ ಕಪ್ಪು, ಬಿಳಿ, ಕೆಂಪು ಬಣ್ಣಗಳದ್ದಾಗಿತ್ತು. ಕಪ್ಪು, ಕೆಂಪು, ಹೊಂಬಣ್ಣಗಳು ಜರ್ಮನಿಯ ಏಕತೆಗಾಗಿ 1832ರಲ್ಲಿ ನಡೆದ ಹಂಬಾಖ್ ಸಮಾವೇಶದಲ್ಲಿ, ಮತ್ತೆ 1848ರ ಕ್ರಾಂತಿಯಲ್ಲಿ ಕಾಣಿಸಿಕೊಂಡಿದ್ದರೂ ಜರ್ಮನ್ ಗಣರಾಜ್ಯದ ಬಾವುಟವಾಗಿ ನೆಲೆನಿಂತದ್ದು 1919ರಲ್ಲಿ, ಮತ್ತೆ 1949ರಲ್ಲಿ. ಸಾಲ ಕೊಟ್ಟವರ ಕೈಯಲ್ಲೇ ಆಗ ಆ ವಸ್ತು ಇರಲಿಲ್ಲ ಎಂದ ಮೇಲೆ ಸಾಲದ ಮಾತು ನಿಲ್ಲುವುದಿಲ್ಲ.

ಹಾಗಾದರೆ ಈ ಹೋಲಿಕೆ ಹೇಗೆ ಬಂತು ಎಂದು ನಿಮ್ಮ ಕಚೇರಿಯವರು ಕೇಳಬಹುದು. ಜವಳಿಯ ಕಡೆಯಿಂದ ನೋಡುವವರಿಗೆ ಇದರಲ್ಲಿ ಒಗಟೇನೂ ಕಾಣುವುದಿಲ್ಲ. ಆಗ್ನೇಯ ಏಷ್ಯಾದ ದ್ವೀಪಗಳಲ್ಲಿ ಕೃತಕ ಬಣ್ಣಗಳು ಬರುವ ಮೊದಲು ಮನೆಯ ಹಿತ್ತಿಲಲ್ಲೂ ಗದ್ದೆಯ ಬದಿಯಲ್ಲೂ ದೊರೆಯುತ್ತಿದ್ದ ಬಣ್ಣಗಳಲ್ಲಿ ಇವೇ ಮುಖ್ಯವಾದವು: ಅರಿಶಿನದ ಕೊಂಬಿನಿಂದ ಹಳದಿ, ಮೊರಿಂಡಾ ಗಿಡದ ಬೇರಿನ ತೊಗಟೆಯಿಂದ ಕೆಂಪು, ಒಗರಿರುವ ತೊಗಟೆಯ ರಸದಲ್ಲಿ ನೆನೆಸಿ ಕಬ್ಬಿಣಾಂಶವಿರುವ ಕೆಸರಿನಲ್ಲಿ ಹೂತಿಟ್ಟ ಬಟ್ಟೆಯಿಂದ ಕಪ್ಪು. ದೂರದ ಎರಡು ಜನಸಮುದಾಯಗಳು ಕಣ್ಣಿಗೆ ಎದ್ದು ಕಾಣುವ ಮೂರು ಬಣ್ಣಗಳನ್ನು ತಮ್ಮ ತಮ್ಮ ಕಾರಣಗಳಿಗಾಗಿ ಆರಿಸಿಕೊಳ್ಳಲು ಒಬ್ಬರನ್ನೊಬ್ಬರು ನೋಡಿರಲೇಬೇಕೆಂದಿಲ್ಲ. ಅದೇ ರೀತಿ, ಇಂಥ ವರ್ಷದಲ್ಲಿ ಇಂಥ ದೊರೆ ಮರಾವವನ್ನು ರೂಪಿಸಿದ ಎಂದು ಖಚಿತವಾಗಿ ಹೇಳುವ ಬರಹಗಳನ್ನು ನಿಮ್ಮ ಫಲಕಕ್ಕೆ ಇಳಿಸಬೇಡಿ. ಲುಹಾಕ್‌ಗಳ ಕಥೆಯನ್ನು ಹೇಳುವುದು 'ತಂಬೊ' ಎಂಬ ಪಾರಂಪರಿಕ ಕಥನ. ಬಾಯಿಂದ ಬಾಯಿಗೆ ಬಂದು ಆಮೇಲೆ ಬರವಣಿಗೆಗೆ ಇಳಿದದ್ದು. ಅದು ಆ ಜನರು ತಮ್ಮನ್ನು ತಾವು ಹೇಗೆ ಕಾಣುತ್ತಾರೆ ಎಂಬುದನ್ನು ತಿಳಿಸುತ್ತದೆ, ತಾರೀಖುಗಳನ್ನಲ್ಲ.

ಅರ್ಥಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಗೊಂದಲ ಹೆಚ್ಚಾಗಿರುವುದು ಇಲ್ಲಿಯೇ, ಮತ್ತು ವಿಷಯ ಸೊಗಸಾಗಿರುವುದೂ ಇಲ್ಲಿಯೇ. ಅಂತರ್ಜಾಲದಲ್ಲಿ ನೀವು ಕಂಡ ಬೇರೆ ಬೇರೆ ಅರ್ಥಗಳಲ್ಲಿ ಹೆಚ್ಚಿನವು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಅವು ಒಂದರ ಮೇಲೊಂದು ಕೂತ ಪದರಗಳು. ತಳದ ಪದರ ಸೀಮೆಗಳದ್ದು. ಅದರ ಮೇಲೆ ತಂಬೊ ಪ್ರತಿಯೊಂದು ಸೀಮೆಗೂ ಒಂದು ಸ್ವಭಾವವನ್ನು ಹಚ್ಚುತ್ತದೆ. ಆಗಾಮಿನ ನೆಲ ಬಿಸಿ, ನೀರು ಕದಡಿದ್ದು, ಮೀನು ಕೈಗೆ ಸಿಗದ ಕಾಡುಮೀನು; ಲಿಮೊ ಪುಲುವಾ ಕೊತೊದ ನೆಲ ತಂಪು, ನೀರು ತಿಳಿ, ಮೀನು ಸಾಧು; ತಾನಾ ದಾತಾರಿನಲ್ಲಿ ನೀರು ಸಿಹಿ, ಮೀನು ಹೇರಳ ಎಂಬ ಅರ್ಥದ ಮಾತುಗಳು ಅಲ್ಲಿನವರ ಬಾಯಲ್ಲಿವೆ. ಪ್ರಾಣಿಗಳನ್ನೂ ಹೀಗೆಯೇ ಹಂಚಿದ್ದಾರೆ: ಹಳದಿಗೆ ಬೆಕ್ಕು, ಕೆಂಪಿಗೆ ಹುಲಿ, ಕಪ್ಪಿಗೆ ಆಡು. ಇವುಗಳಿಂದಲೇ ಮೂರನೆಯ ಪದರವಾದ ಗುಣಗಳು ಹೊರಟಿವೆ. ಹಳದಿ ಎಂದರೆ ಘನತೆ, ಕಾನೂನು ಕಟ್ಟಳೆ. ಕೆಂಪು ಎಂದರೆ ಧೈರ್ಯ. ಕಪ್ಪು ಎಂದರೆ ಪೆಟ್ಟಿಗೆ ಬಗ್ಗದ ತಾಳ್ಮೆ, ವಿವೇಕ, ಒಳ್ಳೆಯ ನಡತೆ.

ಹಳದಿಗೆ ಆ ಅರ್ಥ ಏಕೆ ಬಂತು ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಮಲಯ ಜಗತ್ತಿನಾದ್ಯಂತ ಹಳದಿ ಅರಸರ ಬಣ್ಣ, ಮತ್ತು ಮಿನಂಗ್‌ಕಬಾವ್ ಅರಸರ ಪೀಠವಾದ ಪಗಾರುಯುಂಗ್ ಇದ್ದದ್ದು ತಾನಾ ದಾತಾರಿನಲ್ಲಿ. ದೊರೆಯ ನಾಲ್ವರು ಪ್ರಧಾನರ ಊರುಗಳಾದ ಸುಂಗಾಯ್ ತಾರಾಬ್, ಸುಮಾನಿಕ್, ಸುರುವಾಸೊ, ಪಾದಾಂಗ್ ಗಾಂತಿಂಗ್ ಕೂಡ ಆ ಸೀಮೆಯಲ್ಲೇ ಇವೆ. ಆದರೆ ಕೆಂಪಿನ 'ಬಿಸಿ ನೆಲ'ವನ್ನು ಅಕ್ಷರಶಃ ತೆಗೆದುಕೊಂಡರೆ ದಾರಿ ತಪ್ಪುತ್ತೇವೆ. ಆಗಾಮಿನ ಬುಕಿತ್ತಿಂಗಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಂಜೆಯ ಹೊತ್ತಿಗೆ ಅಲ್ಲಿ ಸ್ವೆಟರ್ ಬೇಕೆನಿಸುತ್ತದೆ. ಬಿಸಿ ಎಂದದ್ದು ಜನರ ಚುರುಕುತನಕ್ಕೆ, ಪೈಪೋಟಿಗೆ. ಅಷ್ಟಕ್ಕೇ ಅದನ್ನು ಬಿಡಬೇಕು, ಒಬ್ಬೊಬ್ಬ ಮನುಷ್ಯನಿಗೆ ಅಂಟಿಸಬಾರದು. ಇಂಡೊನೇಷ್ಯಾದ ಮೊದಲ ಉಪರಾಷ್ಟ್ರಪತಿ ಮೊಹಮ್ಮದ್ ಹತ್ತಾ 'ಕೆಂಪು' ಸೀಮೆಯ ಬುಕಿತ್ತಿಂಗಿಯವರು, ಆದರೆ ಅಳೆದು ತೂಗಿ ಮಾತನಾಡುವ ಶಾಂತ ಸ್ವಭಾವಕ್ಕೆ ಹೆಸರಾದವರು. 'ತಂಪು' ಎನಿಸಿಕೊಂಡ ಕಪ್ಪು ಸೀಮೆಯಲ್ಲಿ ಹುಟ್ಟಿದ ತಾನ್ ಮಲಾಕಾ ಬದುಕಿಡೀ ಕ್ರಾಂತಿಯ ಬೆನ್ನು ಹತ್ತಿ ದೇಶದಿಂದ ದೇಶಕ್ಕೆ ಅಲೆದವರು. ನಿರೂಪಕರು ವೇದಿಕೆಯ ಮೇಲೆ 'ಇವರು ಕೆಂಪು ಸೀಮೆಯವರು, ಅದಕ್ಕೇ ಕೋಪಿಷ್ಠರು' ಎಂಬಂಥ ಮಾತನಾಡದಂತೆ ನೋಡಿಕೊಳ್ಳಿ. ಮೆಚ್ಚಿಸಲು ಆಡಿದ ಮಾತೇ ಆದರೂ ಅದು ಚುಚ್ಚುತ್ತದೆ.

ಇವುಗಳ ಮೇಲೆ ಇನ್ನೊಂದು ಪದರವೂ ಇದೆ. ಒಂದು ಪಾತ್ರೆಯನ್ನು ಹೊರುವ ಒಲೆಯ ಮೂರು ಕಲ್ಲುಗಳು, ಒಂದೇ ಹಗ್ಗವಾಗಿ ಹೊಸೆದ ಮೂರು ಎಳೆಗಳು ಎಂದು ಮಿನಂಗ್‌ಕಬಾವ್ ಜನರು ತಮ್ಮ ಸಮಾಜದ ಮೂವರು ಮುಂದಾಳುಗಳನ್ನು ವರ್ಣಿಸುತ್ತಾರೆ: ಕುಲದ ಹಿರಿಯರು, ಧರ್ಮ ಬಲ್ಲವರು, ವಿದ್ಯಾವಂತರು. ಬಾವುಟದ ಮೂರು ಬಣ್ಣಗಳು ಈ ಮೂವರನ್ನೂ ಸೂಚಿಸುತ್ತವೆ ಎಂಬ ವಿವರಣೆ ಇಂದು ಬಹಳ ಪ್ರಚಲಿತ. ಕೆಲವೆಡೆ ಕಾಣುವ 'ಕಪ್ಪು ಎಂದರೆ ಹಿರಿಯರು' ಎಂಬ ಸಾಲು ಬಂದದ್ದು ಈ ಕಡೆಯಿಂದ. ಫಲಕದಲ್ಲಿ ಈ ಪದರವನ್ನು ಬಣ್ಣಬಣ್ಣಕ್ಕೆ ಹಂಚದೆ ಒಟ್ಟಾಗಿ ಒಂದು ವಾಕ್ಯದಲ್ಲಿ ಹೇಳುವುದು ಕ್ಷೇಮ. ಕಪ್ಪು ಎಂದರೆ ದುಃಖ, ಸಾವು ಎಂದು ಬರೆದಿರುವ ಪುಟಗಳು ಮಾತ್ರ ತಪ್ಪು. ಅದು ಯೂರೋಪಿನ ಶೋಕದ ರೂಢಿಯನ್ನು ತಂದು ಸುಮಾತ್ರದ ಮೇಲೆ ಹೇರಿದ್ದು.

ಬಣ್ಣಗಳ ಅರ್ಥ ಹುಟ್ಟುವುದು ಊರಿನಿಂದ ಎಂಬುದಕ್ಕೆ ಮಲೇಷ್ಯಾದ ನೆಗೆರಿ ಸೆಂಬಿಲಾನ್ ರಾಜ್ಯಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಸುಮಾತ್ರದಿಂದ ಹೋದ ಮಿನಂಗ್‌ಕಬಾವ್ ವಲಸಿಗರು ನೆಲೆಸಿದ ನಾಡು ಅದು. 18ನೇ ಶತಮಾನದಲ್ಲಿ ಅಲ್ಲಿಯ ಮೊದಲ ದೊರೆಯಾಗಿ ರಾಜಾ ಮೆಲೆವಾರ್ ಹೋದದ್ದೂ ಪಗಾರುಯುಂಗಿನಿಂದಲೇ. ಆ ರಾಜ್ಯದ ಇಂದಿನ ಬಾವುಟ ಹಳದಿಯದು, ಕಂಬದ ಬದಿಯ ಮೇಲಿನ ಮೂಲೆಯಲ್ಲಿ ಓರೆಯಾಗಿ ಸೀಳಿದ ಕೆಂಪು ಮತ್ತು ಕಪ್ಪು. ಬಣ್ಣಗಳು ಮೂರೂ ಅವೇ. ಆದರೆ ಅಲ್ಲಿ ಹಳದಿ ಎಂದರೆ ದೊರೆ, ಕಪ್ಪು ಎಂದರೆ 'ಉಂದಾಂಗ್' ಎಂಬ ನಾಡಮುಖ್ಯರು, ಕೆಂಪು ಎಂದರೆ ಪ್ರಜೆಗಳು. ಸುಮಾತ್ರದ ಸೀಮೆಗಳು ಅಲ್ಲಿ ಇಲ್ಲದಿರುವುದರಿಂದ ಬಣ್ಣಗಳು ಅಲ್ಲಿನ ಆಳ್ವಿಕೆಯ ವ್ಯವಸ್ಥೆಗೆ ಹೊಂದಿಕೊಂಡವು. ನಿಮ್ಮಲ್ಲಿ ಮಲೇಷ್ಯಾದಿಂದ ಬಂದ ವಿದ್ಯಾರ್ಥಿ ಯಾರಾದರೂ ಬೇರೆಯೇ ಅರ್ಥ ಹೇಳಿದರೆ ಅವರನ್ನು ತಿದ್ದಲು ಹೋಗಬೇಡಿ.

ಈಗ ನಿಮ್ಮ ಹಿರಿಯ ಸಹೋದ್ಯೋಗಿಯವರ ಆಕ್ಷೇಪ. ಅದನ್ನು ಮೂಢನಂಬಿಕೆ ಎಂದು ಪಕ್ಕಕ್ಕೆ ಸರಿಸಬೇಡಿ. ನಮ್ಮ ಮನೆಗಳಲ್ಲಿ ಮದುವೆಯ ಚಪ್ಪರಕ್ಕೆ ಕಪ್ಪು ಬಟ್ಟೆ ಕಟ್ಟುವುದಿಲ್ಲ ಎಂಬುದು ನಿಜ, ಆ ಅಳುಕು ಸಹಜ. ಆದರೆ ಅವರಿಗೆ ಎರಡು ಸಂಗತಿಗಳನ್ನು ಹೇಳಬಹುದು. ಮಿನಂಗ್‌ಕಬಾವ್ ಕುಲದ ಹಿರಿಯನನ್ನು 'ಪಂಗುಲು' ಎನ್ನುತ್ತಾರೆ. ಅವರಲ್ಲಿ ಮನೆ, ಗದ್ದೆ, ಕುಲ ಎಲ್ಲವೂ ತಾಯಿಯ ಕಡೆಯಿಂದ ಹರಿಯುವುದರಿಂದ ಈ ಪಟ್ಟ ಸೋದರಮಾವನಿಂದ ಅಳಿಯನಿಗೆ ಬರುತ್ತದೆ. ನಮ್ಮ ಕರಾವಳಿಯ ಅಳಿಯಸಂತಾನವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟದ ದಿನ ಅವನು ಉಡುವ ವಸ್ತ್ರ ಕಪ್ಪು. ಅಂಥ ಒಂದು ಅಂಗಿಯನ್ನು ಪ್ರದರ್ಶನಕ್ಕೆ ಅಣಿಗೊಳಿಸುವಾಗ ಮೇಜಿನ ಮೇಲೆ ಹರವಿ ನೋಡಿದ್ದೇನೆ: ಮೈಗೆ ಅಂಟದಷ್ಟು ಅಗಲ, ಕೈ ಸಲೀಸಾಗಿ ಆಡುವಂತೆ ಬಿಡುಬೀಸಾದ ತೋಳು, ಅಂಚಿನಲ್ಲಿ ಮಾತ್ರ ಚಿನ್ನದ ಎಳೆಯ ತೆಳುವಾದ ಗೆರೆ, ಉಳಿದದ್ದೆಲ್ಲ ಹೊಳಪಿಲ್ಲದ ಗಾಢವಾದ ಕಪ್ಪು. ಅದರ ಜೊತೆಗೆ ನೆರಿಗೆ ಹಿಡಿದು ಕಟ್ಟಿದ ತಲೆವಸ್ತ್ರ, ಸೊಂಟದಲ್ಲಿ ಕ್ರಿಸ್ ಎಂಬ ಬಾಕು. ಎಲ್ಲ ಬಣ್ಣಗಳನ್ನೂ ಒಳಗೆ ಹಾಕಿಕೊಂಡು ತಾನು ಬದಲಾಗದೆ ಉಳಿಯುವುದು ಕಪ್ಪು, ಊರವರ ದೂರುಗಳನ್ನೆಲ್ಲ ಕೇಳಿಯೂ ಕದಲದವನು ಹಿರಿಯ ಎಂದು ಅವರು ಅದನ್ನು ಅರ್ಥೈಸುತ್ತಾರೆ. ಅವರ ಕಣ್ಣಿಗೆ ಬಾಗಿಲಲ್ಲಿ ಕಪ್ಪು ಕಾಣುವುದೆಂದರೆ ಮನೆಯ ಯಜಮಾನನೇ ಎದುರು ಬಂದು ನಿಂತಂತೆ.

ಎರಡನೆಯ ಸಂಗತಿ ನಮ್ಮಲ್ಲೇ ಇದೆ. ಕಪ್ಪನ್ನು ಅಶುಭವೆನ್ನುವ ನಾವೇ ಮುತ್ತೈದೆಯ ಕೊರಳಿಗೆ ಕರಿಮಣಿ ಕಟ್ಟುತ್ತೇವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಂದ್ರಕಾಳಿ ಸೀರೆಯನ್ನು ಸಂಭ್ರಮದಿಂದ ಉಡುತ್ತಾರೆ. ಎಲ್ಲಿ, ಯಾವ ಜೊತೆಯಲ್ಲಿ ಬಂತು ಎಂಬುದರ ಮೇಲೆ ಕಪ್ಪಿನ ಅರ್ಥ ನಮ್ಮಲ್ಲೂ ಬದಲಾಗುತ್ತದೆ. ಕೆಂಪು, ಹಳದಿಗಳ ಜೊತೆಯಲ್ಲಿ ನಿಂತ ಕಪ್ಪು ಶೋಕದ ಬಾವುಟವಲ್ಲ ಎಂಬುದನ್ನು ಒಪ್ಪಿಸಲು ನಿಮಗೆ ಕಷ್ಟವಾಗದು ಎಂದು ನನ್ನ ನಂಬಿಕೆ.

ಬದಲಿಸಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಕಪ್ಪನ್ನು ಸುಮ್ಮನೆ ತೆಗೆದರೆ ಉಳಿಯುವುದು ಹಳದಿ ಮತ್ತು ಕೆಂಪು. ಮೈಸೂರಿನ ಪ್ರೇಕ್ಷಕರು ಅದನ್ನು ಕನ್ನಡ ಬಾವುಟ ಎಂದೇ ಓದುತ್ತಾರೆ, ಅದೂ ಅಡ್ಡ ಮಾಡಿ ನಿಲ್ಲಿಸಿದ ಕನ್ನಡ ಬಾವುಟ ಎಂದು. ಒಂದು ತೊಡಕನ್ನು ತಪ್ಪಿಸಲು ಹೋಗಿ ಅದಕ್ಕಿಂತ ದೊಡ್ಡದನ್ನು ಕರೆದಂತಾಗುತ್ತದೆ. ಹಸಿರು ಹಾಕಿದರೆ ಹಸಿರು, ಕೆಂಪು, ಹಳದಿ ಸೇರಿ ಮಾಲಿ, ಗಿನಿ, ಸೆನೆಗಲ್ ಮೊದಲಾದ ಪಶ್ಚಿಮ ಆಫ್ರಿಕಾದ ದೇಶಗಳ ಬಾವುಟಗಳ ನೆನಪು ತರುತ್ತವೆ. ಅದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಮಿನಂಗ್‌ಕಬಾವ್ ಇತಿಹಾಸದಲ್ಲಿ ಧರ್ಮ ಮತ್ತು ಹಿರಿಯರ ಕಟ್ಟಳೆಗಳ ಸಂಬಂಧ ಸುಲಭವಾಗಿ ಕುದುರಿದ್ದಲ್ಲ. 1803ರ ಸುಮಾರಿಗೆ ಮೆಕ್ಕಾದಿಂದ ಮರಳಿದ ಮೂವರು ಹಾಜಿಗಳಿಂದ ಆರಂಭವಾದ, 'ಪದ್ರಿ' ಎಂದು ಹೆಸರಾದ ಇಸ್ಲಾಮಿಕ್ ಸುಧಾರಣಾ ಚಳವಳಿ ಕುಲದ ಹಿರಿಯರೊಡನೆ ಕಾದಾಟಕ್ಕೆ ಇಳಿಯಿತು. 1821ರಲ್ಲಿ ಡಚ್ಚರು ನಡುವೆ ಬಂದರು. 1837ರಲ್ಲಿ ಪದ್ರಿಗಳ ಬೊಂಜೊಲ್ ಕೋಟೆ ಬೀಳುವವರೆಗೂ ಆ ನೆಲದಲ್ಲಿ ರಕ್ತ ಹರಿಯಿತು. ಪದ್ರಿಗಳ ಉಡುಪು ಬಿಳಿ, ಹಿರಿಯರದು ಕಪ್ಪು. ಕಟ್ಟಳೆಗೆ ಧರ್ಮ ಆಧಾರ, ಧರ್ಮಕ್ಕೆ ಪವಿತ್ರ ಗ್ರಂಥ ಆಧಾರ ಎಂಬ ಸೂತ್ರದಲ್ಲಿ ಆ ಎರಡನ್ನೂ ಅವರು ಹೊಂದಿಸಿಕೊಂಡಿದ್ದಾರೆ, ಇಂದು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ಅಂಥವರ ಬಾವುಟದಿಂದ ಹಿರಿಯರ ಬಣ್ಣವನ್ನು ತೆಗೆದು ಧರ್ಮದ ಬಣ್ಣವೆಂದು ಬೇರೊಂದನ್ನು ಸೇರಿಸುವುದು, ಸದುದ್ದೇಶದಿಂದಲೇ ಆದರೂ, ಹಳೆಯ ಗಾಯವನ್ನು ಮುಟ್ಟಿದಂತಾಗುತ್ತದೆ. ವಿದ್ಯಾರ್ಥಿಗಳು ಸೌಜನ್ಯದಿಂದ ಒಪ್ಪಿಕೊಂಡು ಸುಮ್ಮನಾಗಬಹುದು. ಅವರ ಮೌನವನ್ನು ಸಂತೋಷವೆಂದು ತಿಳಿಯಬೇಡಿ.

ಸಹೋದ್ಯೋಗಿಯವರ ಮನಸ್ಸು ಇನ್ನೂ ಒಪ್ಪದಿದ್ದರೆ ಜಾಗವನ್ನು ಬದಲಿಸಬಹುದು, ಬಣ್ಣವನ್ನಲ್ಲ. ದೀಪ ಬೆಳಗುವ ಉದ್ಘಾಟನೆಯ ಕಡೆ ತಳಿರು ತೋರಣವಿರಲಿ. ಮರಾವಗಳನ್ನು ಬಾಗಿಲ ಹೊರಗೆ ದಾರಿಯ ಎರಡು ಬದಿಗೆ, ಮತ್ತು ನೃತ್ಯದ ಹೊತ್ತಿಗೆ ವೇದಿಕೆಗೆ ತನ್ನಿ. ಇದರಲ್ಲಿ ಯಾರಿಗೂ ಸೋಲಿಲ್ಲ. ಇದರ ಒಂದೇ ಕೊರತೆಯೆಂದರೆ ಉದ್ಘಾಟನೆಯ ಫೋಟೊಗಳಲ್ಲಿ ಬಾವುಟ ಬರುವುದಿಲ್ಲ. ಆದ್ದರಿಂದ ಅದನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿ.

ಬಣ್ಣಗಳ ಕ್ರಮದ ಬಗ್ಗೆ ವಿದ್ಯಾರ್ಥಿಗಳ ನಡುವೆ ಬಂದ ಭಿನ್ನಮತ ನನಗೆ ಹೊಸದಾಗಿ ಕಾಣಲಿಲ್ಲ. ಕೆಂಪು ನಡುವೆ ಎಂಬುದರಲ್ಲಿ ತಕರಾರಿಲ್ಲ. ಸಾಮಾನ್ಯವಾಗಿ ಚಿತ್ರಿಸುವ ಕ್ರಮದಲ್ಲಿ ಕಂಬದ ಕಡೆಗೆ ಕಪ್ಪು, ಹೊರ ತುದಿಗೆ ಹಳದಿ ಬರುತ್ತದೆ. ಹಳದಿಯಿಂದ ಆರಂಭಿಸಿ ಹೇಳುವವರೂ, ಹಾಗೆ ಕಟ್ಟುವವರೂ ಇದ್ದಾರೆ. ಸರ್ಕಾರವೊಂದು ಅಳತೆ ಸಮೇತ ಗೊತ್ತುಮಾಡಿದ ಬಾವುಟ ಇದಲ್ಲವಾದ್ದರಿಂದ ಊರೂರಿನ ರೂಢಿಗೆ ಜಾಗವಿದೆ. ಇದರ ಮೇಲೆ ಬಿಸಿಲಿನ ಕೆಲಸವೂ ಸೇರುತ್ತದೆ: ತಿಂಗಳುಗಟ್ಟಲೆ ಹೊರಗೆ ನಿಂತ ಮರಾವದಲ್ಲಿ ಕಪ್ಪು ಕಂದಾಗಿ, ಕೆಂಪು ಗುಲಾಬಿಯಾಗಿ, ಹಳದಿ ಬಹುತೇಕ ಬೆಳ್ಳಗಾಗಿರುತ್ತದೆ. ಅಂಥ ಬಾವುಟದ ಫೋಟೊ ನೋಡಿ ಕ್ರಮವನ್ನೋ ಬಣ್ಣದ ಛಾಯೆಯನ್ನೋ ತೀರ್ಮಾನಿಸಬಾರದು. ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ, ಪ್ರತಿಯೊಬ್ಬರಿಗೂ ತಮ್ಮ ಊರಿನ ಮದುವೆಯದೋ ಪಟ್ಟದ್ದೋ ಇತ್ತೀಚಿನ ಫೋಟೊವೊಂದನ್ನು ಮನೆಯಿಂದ ತರಿಸಿಕೊಳ್ಳಲು ಹೇಳಿ, ಅವರೇ ಒಂದು ಕ್ರಮವನ್ನು ಆರಿಸಿಕೊಳ್ಳಲಿ. ಒಮ್ಮೆ ನಿಶ್ಚಯವಾದ ಮೇಲೆ ಎಲ್ಲ ಬಾವುಟಗಳೂ ಒಂದೇ ಕ್ರಮದಲ್ಲಿರಲಿ. ಬಾಗಿಲಲ್ಲಿ ಒಂದು, ವೇದಿಕೆಯಲ್ಲಿ ಇನ್ನೊಂದು ಎಂದಾದರೆ ಬಲ್ಲವರ ಕಣ್ಣಿಗೆ ಅಜಾಗರೂಕತೆ ಎನಿಸುತ್ತದೆ.

ಕಾನೂನಿನ ಭಯಕ್ಕೆ ಕಾರಣವಿಲ್ಲ. ಇಂಡೊನೇಷ್ಯಾ 2007ರ ನಿಯಮಾವಳಿಯಲ್ಲಿ ಪ್ರಾದೇಶಿಕ ಲಾಂಛನಗಳು ಪ್ರತ್ಯೇಕತಾವಾದಿ ಸಂಘಟನೆಗಳ ಬಾವುಟಗಳನ್ನು ಹೋಲಬಾರದೆಂದು ನಿರ್ಬಂಧ ವಿಧಿಸಿದೆ. ಅದರ ಗುರಿ ಪಪುವಾ, ಅಚೆಹ್, ಮಲುಕು ಪ್ರದೇಶಗಳ ಪ್ರತ್ಯೇಕತಾವಾದಿ ಬಾವುಟಗಳು. ಮರಾವ ಆ ಸಾಲಿನದಲ್ಲ. ಅದು ಸಮುದಾಯದ ಸಾಂಪ್ರದಾಯಿಕ ಬಾವುಟ. ದೇಶದ ಕೆಂಪು ಬಿಳಿ ಧ್ವಜದ ಜೊತೆಗೇ ಸರ್ಕಾರಿ ಸಮಾರಂಭಗಳಲ್ಲೂ ಹಾರುತ್ತದೆ. ನೀವು ಎಚ್ಚರ ವಹಿಸಬೇಕಾದದ್ದು ನಮ್ಮ ಕಡೆಯ ನಿಯಮದಲ್ಲಿ. 2002ರ ಭಾರತೀಯ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ ಅದರ ಸರಿಸಮಕ್ಕಾಗಲಿ ಬೇರೆ ಬಾವುಟವನ್ನೋ ತೋರಣವನ್ನೋ ಕಟ್ಟುವಂತಿಲ್ಲ. ಮರಾವದ ಸೊಬಗೇ ಅದರ ಎತ್ತರ. ಬಿದಿರಿನ ಗಳು ಸಲೀಸಾಗಿ ನಿಮ್ಮ ಧ್ವಜಸ್ತಂಭವನ್ನು ಮೀರಬಹುದು. ಆದ್ದರಿಂದ ಧ್ವಜಸ್ತಂಭವಿರುವ ಅಂಗಳದಿಂದ ದೂರ, ಬೇರೆ ದಾರಿಯಲ್ಲಿ ನಿಲ್ಲಿಸಿ, ಇಲ್ಲವೇ ಗಳುವನ್ನು ಕಡಿಮೆ ಎತ್ತರಕ್ಕೆ ಕತ್ತರಿಸಿ. ಇಂಡೊನೇಷ್ಯಾದ ರಾಷ್ಟ್ರಧ್ವಜವನ್ನೂ ಇಡುವುದಾದರೆ ಅದಕ್ಕೆ ವಿದೇಶಿ ರಾಷ್ಟ್ರಧ್ವಜಗಳ ಮರ್ಯಾದೆ ಬೇರೆ ಇದೆ. ಮರಾವವನ್ನು ಆ ಸಾಲಿನಲ್ಲಿ ಸೇರಿಸಬೇಡಿ.

ಫಲಕಕ್ಕೆ ಇಷ್ಟು ಸಾಕು: "ಮರಾವ, ಪಶ್ಚಿಮ ಸುಮಾತ್ರದ ಮಿನಂಗ್‌ಕಬಾವ್ ಜನರ ಸಾಂಪ್ರದಾಯಿಕ ಬಾವುಟ. ಹಳದಿ ತಾನಾ ದಾತಾರ್, ಕೆಂಪು ಆಗಾಮ್, ಕಪ್ಪು ಲಿಮೊ ಪುಲುವಾ ಕೊತೊ ಎಂಬ ಮೂರು ಮೂಲ ಸೀಮೆಗಳನ್ನು ಸೂಚಿಸುತ್ತವೆ. ಹಳದಿಯಲ್ಲಿ ಘನತೆಯನ್ನೂ ಕೆಂಪಿನಲ್ಲಿ ಧೈರ್ಯವನ್ನೂ ಕಪ್ಪಿನಲ್ಲಿ ತಾಳ್ಮೆ ಮತ್ತು ವಿವೇಕವನ್ನೂ ಕಾಣುತ್ತಾರೆ. ಮದುವೆ, ಹಬ್ಬ, ಹಿರಿಯರ ಪಟ್ಟದ ದಿನಗಳಲ್ಲಿ ಇದನ್ನು ಏರಿಸುತ್ತಾರೆ." ಇದನ್ನು ಅಚ್ಚಿಗೆ ಕಳಿಸುವ ಮೊದಲು ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲೋ ಅವರ ಭಾಷೆಯಲ್ಲೋ ಓದಿ ಹೇಳಿ, ಅವರು ಸೇರಿಸಬೇಕೆಂದದ್ದನ್ನು ಸೇರಿಸಿ.

ಹೊಲಿಗೆಯ ಬಗ್ಗೆ ಕೆಲವು ಮಾತು. ಅಂಗಡಿಯಲ್ಲಿ ಸಿಗುವ ಜರ್ಮನಿಯ ಬಾವುಟವನ್ನು ಕೊಂಡು ತಿರುಗಿಸಿ ಕಟ್ಟಿದರೆ ಖರ್ಚು ಉಳಿಯುತ್ತದೆ ಎಂದು ಯಾರಾದರೂ ಹೇಳಿಯಾರು. ಅದರ ಅಗಲ ಹೆಚ್ಚು, ಉದ್ದ ಕಡಿಮೆ, ನೋಡಿದವರು ಜರ್ಮನಿ ಎಂದೇ ಗುರುತಿಸುತ್ತಾರೆ. ಫ್ಲೆಕ್ಸ್ ಮೇಲೆ ಮುದ್ರಿಸಿದರೆ ಗಾಳಿಗೆ ಆಡುವುದಿಲ್ಲ, ದೀಪದ ಬೆಳಕಿಗೆ ಹೊಳೆದು ಬಣ್ಣ ಕಾಣಿಸುವುದಿಲ್ಲ. ಬಟ್ಟೆಯೇ ಸರಿ. ಮೂರು ಪಟ್ಟಿಗಳೂ ಒಂದೇ ಬಗೆಯ ಬಟ್ಟೆಯಾಗಿರಲಿ, ಮೂರನ್ನೂ ಹಾಸಿನ, ಅಂದರೆ ಬಟ್ಟೆಯ ಉದ್ದನೂಲಿನ, ಉದ್ದಕ್ಕೇ ಕತ್ತರಿಸಲಿ; ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಬಂದರೆ ತೂಗುಹಾಕಿದ ಮೇಲೆ ಹೊಲಿಗೆಯ ಉದ್ದಕ್ಕೂ ಸುಕ್ಕು ಏಳುತ್ತದೆ. ಹೊಲಿಯುವ ಮೊದಲು ಕೆಂಪು ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಮಳೆಯ ಒಂದು ಹನಿ ಬಿದ್ದರೂ ಅದು ಹಳದಿಗೆ ಇಳಿಯುತ್ತದೆ. ಹಳದಿ ನಿಂಬೆಯ ಬಣ್ಣವಾಗದೆ ಅರಿಶಿನದಷ್ಟು ಗಾಢವಾಗಿರಲಿ. ಕಂಬದ ಬದಿಗೆ ಬಟ್ಟೆಯನ್ನು ಮಡಚಿ ಗಳು ತೂರುವಷ್ಟು ಅಗಲದ ಚೀಲ ಹೊಲಿಸಿ. ಲಾಡಿ ಕಟ್ಟಿದರೆ ಬಟ್ಟೆ ನಡುನಡುವೆ ಜೋತುಬೀಳುತ್ತದೆ.

ವೇದಿಕೆಯ ಹಿಂದಿನ ಪರದೆ ಕಪ್ಪಾಗಿದ್ದರೆ ಮರಾವದ ಕಪ್ಪು ಪಟ್ಟಿ ಅದರಲ್ಲಿ ಮುಳುಗಿ, ಮತ್ತೆ ಹಳದಿ ಕೆಂಪು ಮಾತ್ರ ಉಳಿದು ಮೇಲೆ ಹೇಳಿದ ಗೊಂದಲವೇ ಎದುರಾಗುತ್ತದೆ. ಪರದೆಗೆ ತಿಳಿಬಣ್ಣದ ಬಟ್ಟೆ ಇಳಿಬಿಡಿ, ಅಥವಾ ಬಾವುಟವನ್ನು ಪರದೆಯಿಂದ ಮುಂದಕ್ಕೆ ತಂದು ಬದಿಯಿಂದ ಬೆಳಕು ಬೀಳುವಂತೆ ಮಾಡಿ. ಟೈಲರ್ ಈಗಾಗಲೇ ಹೊಲಿದಿರುವ ಮಾದರಿಯನ್ನು ಬಿಚ್ಚಿಸುವ ಅಗತ್ಯವಿಲ್ಲ. ಕೆಂಪು ನಡುವೆ ಇದ್ದರೆ, ವಿದ್ಯಾರ್ಥಿಗಳು ಯಾವ ಕ್ರಮವನ್ನು ಆರಿಸಿಕೊಂಡರೂ ಬಟ್ಟೆಯನ್ನು ಮಗುಚಿ ಗಳುವಿನ ಚೀಲವನ್ನು ಇನ್ನೊಂದು ಅಂಚಿಗೆ ಹೊಲಿಸಿಕೊಂಡರಾಯಿತು.